ಫಿಶಾಫ್ ಸ್ಪರ್ಧೆಗೆ ನಾವು ನಾಲ್ವರು ಶ್ರುತಿ ಕೂಡಿಸಿದ ಬಗೆ

ಫಿಶಾಫ್ ಚೇಂಬರ್ ಮ್ಯೂಸಿಕ್ (ಪಾಶ್ಚಾತ್ಯ ಸಂಗೀತದ ಪುಟ್ಟ ವಾದ್ಯತಂಡಗಳ) ಸ್ಪರ್ಧೆ 1973ರಲ್ಲಿ ಅಮೆರಿಕದ ಇಂಡಿಯಾನಾದ ಸೌತ್ ಬೆಂಡ್‌ನಲ್ಲಿ ಶುರುವಾಯಿತು. ಮೇ ತಿಂಗಳಲ್ಲಿ ನಾಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ನಡೆಯುತ್ತದೆ. ಹೊರದೇಶದ ತಂಡಗಳೂ ಬರುತ್ತವೆ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಕ್ವಾರ್ಟೆಟ್, ಅಂದರೆ ನಾಲ್ವರ ತಂಡ, ಅಲ್ಲಿ ಜೂನಿಯರ್ ವಿಭಾಗದಲ್ಲಿ ನುಡಿಸಿತು. ಎರಡು ಪಿಟೀಲು, ತಗ್ಗು ದನಿಯ ದೊಡ್ಡ ಚೆಲ್ಲೊ ಒಂದು, ನನ್ನದು ಪಿಟೀಲಿಗಿಂತ ತುಸು ದೊಡ್ಡದಾದ ವಿಯೋಲಾ. ಊರಿನಲ್ಲಿ ನೆಂಟರೆಲ್ಲ ಅದನ್ನೂ ಪಿಟೀಲು ಅಂತಲೇ ಕರೆಯುತ್ತಾರೆ. ನಾನೂ ಸುಮ್ನಿರುತ್ತೇನೆ.

ನಮ್ಮ ಅಭ್ಯಾಸದ ಹೆಚ್ಚು ಹೊತ್ತು ಹೋಗಿದ್ದು ಶ್ರುತಿಗೆ. ಪಾಶ್ಚಾತ್ಯ ಸ್ವರಗಳ ಹೆಸರಿನಲ್ಲಿ ನನ್ನ ತಂತಿಗಳು ಸಿ, ಜಿ, ಡಿ, ಎ. ಪಿಟೀಲಿನವು ಜಿ, ಡಿ, ಎ, ಇ. ಅಕ್ಕಪಕ್ಕದ ತಂತಿಗಳ ನಡುವೆ ಷಡ್ಜ-ಪಂಚಮದ ಅಂತರ. ಎಲ್ಲ ಪಂಚಮಗಳನ್ನೂ ಶುದ್ಧವಾಗಿ ಕೂಡಿಸುತ್ತಾ ಹೋದರೆ ಒಂದು ಪೇಚು. ನನ್ನ ಸಿ ಷಡ್ಜವಾದರೆ ಪಿಟೀಲಿನ ಇ ಅಂತರ ಗಾಂಧಾರ. ಆದರೆ ಅದು ತಂಬೂರಿಯಲ್ಲಿ ತಾನಾಗೇ ಕೇಳಿಸುವ ಗಾಂಧಾರಕ್ಕಿಂತ ಸುಮಾರು 22 ಸೆಂಟ್ ಮೇಲಿರುತ್ತದೆ. ಅರ್ಧ ಸ್ವರಕ್ಕೆ 100 ಸೆಂಟ್ ಅಂದರೆ ಇದು ಸಣ್ಣದೇನಲ್ಲ. ಉದ್ದದ ಸ್ವರದಲ್ಲಿ ಕಿವಿಗೆ ಚುಚ್ಚುತ್ತದೆ. ಅದಕ್ಕೇ ಚೆಲ್ಲೊದಿಂದ ಎ ತೆಗೆದುಕೊಂಡು, ಪ್ರತಿ ಪಂಚಮವನ್ನೂ ಕೂದಲೆಳೆಯಷ್ಟು ಕಿರಿದು ಮಾಡಿದೆವು. ಸಿ ಸ್ವಲ್ಪ ಮೇಲೆ ಬಂತು, ಇ ಸ್ವಲ್ಪ ಇಳಿಯಿತು.

ಮೊದಲ ಪಿಟೀಲಿನ ಹುಡುಗನಿಗೆ ಇದು ಹಿಡಿಸಲಿಲ್ಲ. ಎತ್ತರದ ಇ ಹೊಳೆಯುತ್ತದೆ ಅನ್ನುವುದು ಅವನ ವಾದ. ರಾಗ ಒಬ್ಬನ ಕೈಯಲ್ಲಿದ್ದಾಗ ಅದು ನಿಜವೇ. ಕೊನೆಗೆ ರಾಜಿಯಾಯಿತು: ನಾಲ್ವರೂ ಸ್ವರ ಹಿಡಿದು ನಿಂತಾಗ ಚೆಲ್ಲೊ ಹೇಳಿದ್ದೇ ಶ್ರುತಿ, ಓಡುವ ಕಡೆ ಅವನಿಷ್ಟ.

ನಾವು ಆರಿಸಿದ್ದು ಚೆಕ್ ಸಂಗೀತ ರಚನಕಾರ ಡ್ವೊರ್ಜಾಕ್ 1893ರಲ್ಲಿ ಅಯೋವಾದ ಸ್ಪಿಲ್‌ವಿಲ್‌ನಲ್ಲಿ ಬರೆದ ‘ಅಮೆರಿಕನ್’ ಕ್ವಾರ್ಟೆಟ್ ಕೃತಿ. ಪಿಟೀಲುಗಳು ಮೆಲ್ಲಗೆ ನಡುಗುತ್ತಿರುವಾಗ ಮೊದಲ ರಾಗ ಬರುವುದು ವಿಯೋಲಾದಲ್ಲಿ. ವಿಯೋಲಾದವರಿಗೆ ಇಂಥ ಭಾಗ್ಯ ಅಪರೂಪ. ಅಡುಗೆಮನೆಯಿಂದ ಅಮ್ಮ ಕೇಳಿದರು, “ಇದು ಮೋಹನ ಅಲ್ವೇನೇ?” ಹೌದು, ಸ ರಿ ಗ ಪ ಧ ಅಷ್ಟೇ. ಆದರೆ ಗಮಕ ಹಾಕುವಂತಿಲ್ಲ. ಕೆಳಗೆ ಚೆಲ್ಲೊ ಎಫ್ ಹಿಡಿದಿರುತ್ತದೆ. ಇಲ್ಲಿ ಆ ಎಫ್ ಷಡ್ಜ, ಅದರ ಮೇಲೆ ನನ್ನ ಎ, ಮತ್ತದೇ ಗಾಂಧಾರ. ನಾನು ಎ ಕದಲಿಸುವುದಿಲ್ಲ, ಚೆಲ್ಲೊದವಳೇ ಬೆರಳನ್ನು ತುಸು ಸರಿಸಿ ಎಫ್ ಏರಿಸುತ್ತಾಳೆ. ಅಮ್ಮನ ತಂಬೂರಿ ಆಪನ್ನು ಎಫ್‌ಗೆ ಇಟ್ಟುಕೊಂಡು ಅದೊಂದೇ ಜಾಗವನ್ನು ನಾವಿಬ್ಬರೂ ಮತ್ತೆ ಮತ್ತೆ ನುಡಿಸಿದೆವು.

ಫೈನಲ್ ತಲುಪಲಿಲ್ಲ. ಆ ಎಫ್-ಎ ಮಾತ್ರ ವೇದಿಕೆಯ ಮೇಲೂ ಸರಿಯಾಗಿ ಕೂತಿತು.