ಬಣ್ಣ ಇರೋದು ದ್ರಾಕ್ಷಿಯ ಸಿಪ್ಪೆಯಲ್ಲಿ

ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವಂತಿಲ್ಲ ಎಂದು ನಮ್ಮ ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ಆದೇಶ ಮಾಡಿತು. ಬಾಂಬೆ ಮಿಠಾಯಿಗೆ ಹಾಕುತ್ತಿದ್ದ ರೋಡಮೈನ್-ಬಿ ಎಂಬ ಕೃತಕ ಬಣ್ಣಕ್ಕೂ ಆಗಲೇ ನಿಷೇಧ ಬಂತು. ಹೊರಗಿನದಕ್ಕೆ ಸರ್ಕಾರ ನೋಡಿಕೊಂಡಿತು, ಮನೆಯ ಒಗ್ಗರಣೆ ಡಬ್ಬಿ ಪಕ್ಕ ಇರುವ ಕಲರ್ ಪುಡಿಯನ್ನು ನಾವೇ ನೋಡಿಕೊಳ್ಳಬೇಕು ಅಲ್ವಾ? ಮಕ್ಕಳಿಗೆ ಗುಲಾಬಿ, ನೇರಳೆ ಬಣ್ಣದ ಸಿಹಿ ಬೇಕೆಂದರೆ ಕಪ್ಪು ದ್ರಾಕ್ಷಿ ಸಾಕು.

ನಮ್ಮ ಬೆಂಗಳೂರು ನೀಲಿ ದ್ರಾಕ್ಷಿ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆ ಬೆಳೆಯುವ, ಬೀಜ ಇರುವ ಹುಳಿ-ಸಿಹಿ ಹಣ್ಣು. ಒಂದನ್ನು ಹಿಚುಕಿ ನೋಡಿ. ತಿರುಳು ಪುಳಕ್ಕನೆ ಹೊರಗೆ ಜಾರುತ್ತದೆ, ತಿಳಿ ಹಸಿರಾಗಿರುತ್ತದೆ. ಬೆರಳಿಗೆ ಅಂಟುವ ಕಡು ನೇರಳೆ ಎಲ್ಲಾ ಸಿಪ್ಪೆಯದು. ಹಾಗಾಗಿ ಸುಮ್ನೆ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ ಸೋಸಿದರೆ ಅರ್ಧ ಬಣ್ಣ ಜರಡಿಯಲ್ಲೇ ಉಳಿಯುತ್ತದೆ.

ಅರ್ಧ ಕೆಜಿ ಹಣ್ಣನ್ನು ಉಪ್ಪು ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಎರಡು ಮೂರು ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಸಿಪ್ಪೆ ಬೇರೆ ಮಾಡಿ ಸ್ಟೀಲ್ ಪಾತ್ರೆಗೆ ಹಾಕಿ. ಮುಳುಗುವಷ್ಟು ನೀರು, ಅರ್ಧ ಚಮಚ ನಿಂಬೆರಸ. ಸಣ್ಣ ಉರಿಯಲ್ಲಿ ಹತ್ತು ನಿಮಿಷ ಇಟ್ಟು, ಸೌಟಿನ ಹಿಂಬದಿಯಿಂದ ಒತ್ತುತ್ತಾ ಇರಿ. ಕೊತಕೊತ ಕುದಿಸಬೇಡಿ, ಜಾಸ್ತಿ ಕುದಿಸಿದರೆ ಬಣ್ಣ ಕಂದು ತಿರುಗುತ್ತದೆ. ಆರಿದ ಮೇಲೆ ತೆಳು ಬಟ್ಟೆಯಲ್ಲಿ ಹಿಂಡಿ. ಕಬ್ಬಿಣದ ಬಾಣಲೆ, ಅಲ್ಯೂಮಿನಿಯಂ ಪಾತ್ರೆ ಎರಡೂ ಬೇಡ. ಹುಳಿ ಅವನ್ನು ಹಿಡಿಯುತ್ತದೆ, ರಸವೂ ಮಂಕಾಗುತ್ತದೆ.

ನಿಂಬೆರಸ ರುಚಿಗೆ ಅಂದುಕೊಳ್ಳಬೇಡಿ. ದ್ರಾಕ್ಷಿಯಲ್ಲಿರುವ ಆಂಥೋಸಯನಿನ್ ಎಂಬ ಬಣ್ಣದ ಅಂಶ ಹುಳಿ ಇದ್ದರೆ ಕೆಂಪಗಿರುತ್ತದೆ, ಹುಳಿ ಕಡಿಮೆಯಾದರೆ ನೇರಳೆ, ಸೋಡಾ ಬಿದ್ದರೆ ನೀಲಿ-ಹಸಿರು. ರಸ ತೆಗೆದ ಪಾತ್ರೆಗೆ ಸೋಪಿನ ನೀರು ಹಾಕಿದಾಗ ಕಣ್ಣೆದುರೇ ನೀಲಿಯಾಗುತ್ತದೆ. ಅದಕ್ಕೇ ಅಡುಗೆ ಸೋಡಾ ಹಾಕುವ ಕೇಕಿಗೆ, ಈನೋ ಹಾಕುವ ಇಡ್ಲಿಗೆ ಇದನ್ನು ಬೆರೆಸಬೇಡಿ. ಬೂದಿ ಬಣ್ಣದ ಇಡ್ಲಿಯನ್ನು ಯಾವ ಮಗುವೂ ಮುಟ್ಟುವುದಿಲ್ಲ. ಬಿಸಿ ಹಾಲಿಗೂ ಹಾಕಬೇಡಿ, ಒಡೆಯುತ್ತದೆ.

ಇದು ನಿಜವಾಗಿ ಅರಳುವುದು ಶ್ರೀಖಂಡದಲ್ಲಿ. ನೀರು ಬಸಿದ ಗಟ್ಟಿ ಮೊಸರಿಗೆ ಎರಡು ಚಮಚ ಕಲಸಿದರೆ ಎಂಥ ಚೆಂದದ ಗುಲಾಬಿ! ಮೊಸರಿನ ಹುಳಿಯೇ ಬಣ್ಣವನ್ನು ಹಿಡಿದಿಡುತ್ತದೆ. ಚೈನಾ ಗ್ರಾಸ್ ಜೆಲ್ಲಿ, ನಿಂಬೆ ಪಾನಕ, ಸಕ್ಕರೆ ಪುಡಿಯ ಐಸಿಂಗ್‌ಗೂ ಒಳ್ಳೆಯದು. ಕೊಬ್ಬರಿ ಮಿಠಾಯಿಗೆ ಹಾಕುವುದಾದರೆ ಪಾಕ ಬಂದು ಒಲೆ ಆರಿಸಿದ ಮೇಲೆ ಒಂದೆರಡು ಚಮಚ ಸಾಕು, ಜಾಸ್ತಿಯಾದರೆ ಗಟ್ಟಿಯಾಗುವುದಿಲ್ಲ. ಅಂಗಡಿ ಪುಡಿಯಷ್ಟು ಕಣ್ಣು ಕುಕ್ಕುವ ಕೆಂಪು ಬರುವುದಿಲ್ಲ. ನನಗಂತೂ ಈ ಮೆದು ಬಣ್ಣವೇ ಇಷ್ಟ.

ಉಳಿದ ರಸವನ್ನು ಐಸ್ ಟ್ರೇಗೆ ಸುರಿದು ಫ್ರೀಜರ್‌ನಲ್ಲಿಡಿ, ಬೇಕಾದಾಗ ಒಂದೊಂದೇ ಗಡ್ಡೆ ತೆಗೆಯಬಹುದು. ಫ್ರಿಜ್‌ನಲ್ಲಾದರೆ ಗಾಜಿನ ಬಾಟಲಿಯಲ್ಲಿಟ್ಟು ನಾಲ್ಕೈದು ದಿನದೊಳಗೆ ಮುಗಿಸಿ. ಸುಲಿದ ತಿರುಳನ್ನು ಎಸೆಯಬೇಡಿ. ಬೀಜ ತೆಗೆದು, ಬೆಲ್ಲ, ಚಿಟಿಕೆ ಉಪ್ಪು, ಖಾರದ ಪುಡಿ ಹಾಕಿ ಬೇಯಿಸಿದರೆ ಚಪಾತಿಗೆ ಗೊಜ್ಜಾಯಿತು.