ಆಕಾಶದ ಖಾಲಿ ಜಾಗದಲ್ಲಿ ಉಳಿಯುವ ಬೆಳಕು: ನನ್ನ ಅನುಭವ

ಆಕಾಶದಲ್ಲಿ ಏನೂ ಇಲ್ಲ ಅನ್ನಿಸುವ ಜಾಗಗಳೇ ನನ್ನ ಕೆಲಸದ ಜಾಗ. ಬೇರೆಯವರು ಒಂದು ಗ್ಯಾಲಕ್ಸಿಯನ್ನೋ ನಕ್ಷತ್ರವನ್ನೋ ನೋಡಲು ದೂರದರ್ಶಕ ತಿರುಗಿಸಿರುತ್ತಾರೆ. ಅವರಿಗೆ ಬೇಕಾದ್ದನ್ನು ಅವರು ತೆಗೆದುಕೊಂಡ ಮೇಲೆ ಸುತ್ತಲೂ ಉಳಿಯುವ ಮಂಕು ಬೆಳಕು ನನಗೆ ಬೇಕು. ಎಕ್ಸ್-ರೇಯಲ್ಲಿ ನೋಡಿದರೂ ನೇರಳಾತೀತದಲ್ಲಿ ನೋಡಿದರೂ ಆಕಾಶ ಪೂರ್ತಿ ಕಪ್ಪಲ್ಲ. ಎಲ್ಲ ದಿಕ್ಕಿನಿಂದಲೂ ಸ್ವಲ್ಪ ಸ್ವಲ್ಪ ಬರುತ್ತಲೇ ಇರುತ್ತದೆ. ಅದರಲ್ಲಿ ಎಷ್ಟು ನಿಜವಾಗಿ ದೂರದ ವಿಶ್ವದ್ದು, ಎಷ್ಟು ಇಲ್ಲೇ ಪಕ್ಕದ್ದು ಅನ್ನೋದೇ ಪ್ರಶ್ನೆ.

ಈ ಮಂಕು ಬೆಳಕಿಗೆ ನಾವು ಹಿನ್ನೆಲೆ ಅನ್ನುತ್ತೇವೆ. ಎಕ್ಸ್-ರೇ ಹಿನ್ನೆಲೆ ಸಿಕ್ಕಿದ್ದೇ ಬೇರೇನೋ ಹುಡುಕುವಾಗ. 1962ರ ಜೂನ್ 18ರಂದು ರಿಕಾರ್ಡೊ ಜಿಯಕೋನಿ ಅವರ ತಂಡ ಅಮೆರಿಕದ ವೈಟ್ ಸ್ಯಾಂಡ್ಸ್‌ನಿಂದ ಒಂದು ಏರೋಬೀ ರಾಕೆಟ್ ಹಾರಿಸಿತು. ಚಂದ್ರನ ಮೇಲಿಂದ ಎಕ್ಸ್-ರೇ ಬರುತ್ತದಾ ಅಂತ ನೋಡುವುದು ಉದ್ದೇಶ. ಚಂದ್ರ ಸಿಗಲಿಲ್ಲ. ವೃಶ್ಚಿಕದ ಕಡೆ ಒಂದು ಪ್ರಖರ ಆಕರ ಸಿಕ್ಕಿತು. ಜೊತೆಗೆ, ಎತ್ತ ತಿರುಗಿದರೂ ಸೊನ್ನೆಗಿಳಿಯದ ಒಂದು ಎಣಿಕೆ ಸಿಕ್ಕಿತು. ಮಹಾಸ್ಫೋಟದಿಂದ ಉಳಿದ ಮೈಕ್ರೋವೇವ್ ಹಿನ್ನೆಲೆ ಇನ್ನೂ ಪತ್ತೆಯಾಗಿರಲಿಲ್ಲ, ಆಗಲೇ ಇದು ಕೈಗೆ ಬಂದಿತ್ತು.

ನಾನು ಹೆಚ್ಚಾಗಿ ಬಳಸುವುದು ಎಕ್ಸ್-ರೇ ನೋಡುವ ಎಕ್ಸ್‌ಎಂಎಂ-ನ್ಯೂಟನ್ ಉಪಗ್ರಹದ ಹಳೆಯ ದತ್ತಾಂಶ. ಒಂದು ಅವಧಿ ಮುಗಿದ ಮೇಲೆ ಅದು ಎಲ್ಲರಿಗೂ ಮುಕ್ತ. ಇಳಿಸಿಕೊಂಡ ತಕ್ಷಣ ಚಿತ್ರ ತೆರೆದು ನೋಡುವ ಆಸೆಯಾಗುತ್ತದೆ. ಆದರೆ ನಾನು ಮೊದಲು ತೆಗೆಯುವುದು ಲೈಟ್ ಕರ್ವ್, ಅಂದರೆ ಹೊತ್ತು ಕಳೆದಂತೆ ಎಣಿಕೆ ಹೇಗೆ ಏರಿಳಿಯಿತು ಅನ್ನುವ ರೇಖೆ, ಅದೂ 10 ಕೆಇವಿಗಿಂತ (ಕಿಲೋ ಎಲೆಕ್ಟ್ರಾನ್ ವೋಲ್ಟ್, ಎಕ್ಸ್-ರೇ ಶಕ್ತಿಯ ಅಳತೆ) ಮೇಲಿನ ಎಣಿಕೆಯದ್ದು. ಅಷ್ಟು ಮೇಲೆ ಕನ್ನಡಿಗಳು ಎಕ್ಸ್-ರೇಯನ್ನು ಅಷ್ಟಾಗಿ ಒಟ್ಟುಗೂಡಿಸುವುದಿಲ್ಲ. ಹಾಗಾಗಿ ಅಲ್ಲಿ ಬೀಳುವುದು ಬಹುಪಾಲು ಕಣಗಳೇ. ರೇಖೆ ಸಮತಟ್ಟಾಗಿದ್ದರೆ ಸಮಾಧಾನ. ಇದ್ದಕ್ಕಿದ್ದಂತೆ ಗುಡ್ಡದಂತೆ ಏರಿದರೆ ಪ್ರೋಟಾನ್‌ಗಳ ಮಳೆ ಬಿದ್ದಿದೆ ಅಂತ ಅರ್ಥ. ಆ ಹೊತ್ತನ್ನು ಕತ್ತರಿಸಿ ಎಸೆಯಬೇಕು. ಎಷ್ಟೋ ವೀಕ್ಷಣೆಗಳಲ್ಲಿ ಮೂರನೇ ಒಂದು ಪಾಲು ಹೀಗೇ ಹೋಗುತ್ತದೆ. ಹೊಸಬರಿಗೆ ಕೈ ಬರುವುದಿಲ್ಲ, ಇಷ್ಟು ಸಮಯ ಸುಮ್ನೆ ಯಾಕೆ ಬಿಸಾಡೋದು ಅನ್ನುತ್ತಾರೆ. ನಕ್ಷತ್ರ ನೋಡುವವರಿಗೆ ಆ ಕನಿಕರ ನಡೆಯುತ್ತದೆ, ಹಿನ್ನೆಲೆ ಅಳೆಯುವವರಿಗೆ ನಡೆಯುವುದಿಲ್ಲ.

ಆಮೇಲೆ ಉಪಕರಣದ್ದೇ ಬೆಳಕು. ವಿಶ್ವಕಿರಣಗಳು, ಅಂದರೆ ಅಂತರಿಕ್ಷದಿಂದ ಬರುವ ಅತಿವೇಗದ ಕಣಗಳು, ಕ್ಯಾಮೆರಾದ ಗೋಡೆಗೆ ಬಡಿದಾಗ ಆ ಲೋಹವೇ ಎಕ್ಸ್-ರೇ ಸೂಸುತ್ತದೆ. ರೋಹಿತದಲ್ಲಿ, ಅಂದರೆ ಯಾವ ಶಕ್ತಿಯಲ್ಲಿ ಎಷ್ಟು ಬೆಳಕು ಅನ್ನುವ ಚಿತ್ರದಲ್ಲಿ, 1.49 ಕೆಇವಿ ಹತ್ತಿರ ಚೂಪಾದ ಒಂದು ಕಂಬ ಕಾಣುತ್ತದೆ, ಅದು ಅಲ್ಯೂಮಿನಿಯಂ. 1.74ರಲ್ಲಿ ಇನ್ನೊಂದು, ಅದು ಸಿಲಿಕಾನ್. ಆಕಾಶಕ್ಕೂ ಇವಕ್ಕೂ ಸಂಬಂಧವೇ ಇಲ್ಲ. ಮುಚ್ಚಳ ಹಾಕಿಯೇ ತೆಗೆದ ಎಣಿಕೆಗಳು ಸಂಗ್ರಹದಲ್ಲಿ ಸಿಗುತ್ತವೆ. ಅವನ್ನು ನನ್ನ ವೀಕ್ಷಣೆಯ ಮಟ್ಟಕ್ಕೆ ಹೊಂದಿಸಿ ಕಳೆಯುತ್ತೇನೆ. ಹೊಂದಿಸುವುದಕ್ಕೆ ಕ್ಯಾಮೆರಾದ ಮೂಲೆಗಳು ಬೇಕು. ಆಕಾಶದ ಬೆಳಕು ಬೀಳದ ಆ ಮೂಲೆಗಳಲ್ಲಿ ಎಷ್ಟು ಎಣಿಕೆ ಇದೆಯೋ ಅದೇ ಅಳತೆಗೋಲು.

ಇಷ್ಟಾದ ಮೇಲೆ 2 ಕೆಇವಿಗಿಂತ ಮೇಲಿನ ಕಥೆ ಸುಲಭ. ಬೇರೆಯವರು ಅಷ್ಟು ದುಡಿದಿದ್ದಾರೆ, ಹಾಗಾಗಿ ಸುಲಭ. ಚಂದ್ರಾ ಅನ್ನುವ ಎಕ್ಸ್-ರೇ ದೂರದರ್ಶಕ ದಕ್ಷಿಣ ಆಕಾಶದ ಒಂದೇ ತುಂಡನ್ನು ಒಟ್ಟು 70 ಲಕ್ಷ ಸೆಕೆಂಡು ನೋಡಿದೆ. ಹುಣ್ಣಿಮೆ ಚಂದ್ರನಿಗಿಂತ ಸಣ್ಣ ತುಂಡು ಅದು. ಅದರಲ್ಲಿ ಸುಮಾರು 1000 ಆಕರಗಳು ಸಿಕ್ಕವು. ಹೆಚ್ಚಿನವು ದೂರದ ಗ್ಯಾಲಕ್ಸಿಗಳ ಕೇಂದ್ರದಲ್ಲಿ ಕೂತು ಅನಿಲ ನುಂಗುತ್ತಿರುವ ದೈತ್ಯ ಕಪ್ಪುರಂಧ್ರಗಳು. ಹಿನ್ನೆಲೆಯ ಬಹುಪಾಲು ಇಂಥ ಚುಕ್ಕೆಗಳೇ ಅಂತ ಗೊತ್ತಾಯಿತು. ಅದಕ್ಕೂ ಮೊದಲು ವಿಶ್ವದ ತುಂಬ ಬಿಸಿ ಅನಿಲ ಹರಡಿದೆ ಅನ್ನುವ ವಾದವೂ ಇತ್ತು. ಹಾಗಿದ್ದರೆ ಮೈಕ್ರೋವೇವ್ ಹಿನ್ನೆಲೆಯ ಆಕಾರ ಕೆಡಬೇಕಿತ್ತು. 1989ರಲ್ಲಿ ಹಾರಿದ ಕೋಬೆ ಉಪಗ್ರಹ ಅಳೆದಾಗ ಅದು ಕೆಟ್ಟಿರಲಿಲ್ಲ. ವಾದ ಅಲ್ಲಿಗೆ ಮುಗಿಯಿತು.

ಒಂದು ತೊಡಕು ಮಾತ್ರ ನನಗೆ ಈಗಲೂ ಇಷ್ಟ. ಹಿನ್ನೆಲೆಯ ತೀವ್ರತೆ 30 ಕೆಇವಿ ಸುತ್ತ ಶಿಖರ ಮುಟ್ಟುತ್ತದೆ. ಮುಸುಕಿಲ್ಲದೆ ಕಾಣುವ ಕಪ್ಪುರಂಧ್ರಗಳನ್ನಷ್ಟೇ ಕೂಡಿಸಿದರೆ ಆ ಆಕಾರ ಬರುವುದೇ ಇಲ್ಲ, ಕಡಿಮೆ ಶಕ್ತಿಯ ಕಡೆ ಜಾಸ್ತಿ ಬೆಳಕು ಬಂದುಬಿಡುತ್ತದೆ. ದಟ್ಟ ಅನಿಲ, ಧೂಳಿನ ಹಿಂದೆ ಅಡಗಿರುವವು ಬೇಕಾದಷ್ಟಿವೆ ಅಂದರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಮುಸುಕು ಕಡಿಮೆ ಶಕ್ತಿಯ ಮೆತ್ತನೆಯ ಎಕ್ಸ್-ರೇಯನ್ನು ಹೀರುತ್ತದೆ, ಹೆಚ್ಚು ಶಕ್ತಿಯ ಗಡಸು ಎಕ್ಸ್-ರೇ ದಾಟಿ ಬರುತ್ತದೆ.

ಈಗ 1 ಕೆಇವಿಗಿಂತ ಕೆಳಗೆ ಬನ್ನಿ. ನನ್ನ ಹೆಚ್ಚಿನ ಹೊತ್ತು ಹೋಗುವುದು ಇಲ್ಲೇ.

ಒಂದೇ ಖಾಲಿ ಜಾಗ, ಬೇರೆ ಬೇರೆ ತಿಂಗಳಲ್ಲಿ ತೆಗೆದ ಎರಡು ವೀಕ್ಷಣೆ. ಎರಡನ್ನೂ ಒಂದೇ ರೀತಿ ಶುದ್ಧ ಮಾಡಿ ರೋಹಿತಗಳನ್ನು ಒಂದರ ಮೇಲೊಂದು ಇಟ್ಟೆ. 2 ಕೆಇವಿ ಮೇಲೆ ಎರಡೂ ಅಂಟಿಕೊಂಡಂತೆ ಕೂತವು. 0.57 ಕೆಇವಿಯಲ್ಲಿ ಮಾತ್ರ ಒಂದರ ಗುಬ್ಬು ಎದ್ದು ನಿಂತಿತ್ತು, ಇನ್ನೊಂದರದ್ದು ಅದಕ್ಕಿಂತ ಎಷ್ಟೋ ಕೆಳಗಿತ್ತು. ಅದು ಆರು ಎಲೆಕ್ಟ್ರಾನ್ ಕಳೆದುಕೊಂಡ ಆಕ್ಸಿಜನ್‌ನ ರೇಖೆ. ದೂರದ ವಿಶ್ವ ಕೆಲವೇ ತಿಂಗಳಲ್ಲಿ ಹೀಗೆ ಬದಲಾಗುವುದಿಲ್ಲ. ನೂರಾರು ಜ್ಯೋತಿರ್ವರ್ಷ ಹರಡಿದ ಬಿಸಿ ಅನಿಲವೂ ಬದಲಾಗುವುದಿಲ್ಲ. ಬದಲಾಗಿದ್ದರೆ ಅದು ಹತ್ತಿರದ್ದೇ ಇರಬೇಕು, ಅಲ್ವಾ?

ಭೂಮಿಗಿಂತ ಸುಮಾರು 15 ಲಕ್ಷ ಕಿಲೋಮೀಟರ್ ಮುಂದೆ, ಸೂರ್ಯನ ಕಡೆ ನಿಂತು ಸೌರಮಾರುತ (ಸೂರ್ಯನಿಂದ ಹೊರಡುವ ಕಣಗಳ ಹರಿವು) ಅಳೆಯುವ ಏಸ್ ಉಪಗ್ರಹದ ದಾಖಲೆ ತೆಗೆದೆ. ಗುಬ್ಬು ಎದ್ದ ಹೊತ್ತಿಗೆ ಸೌರಮಾರುತ ಜೋರಾಗಿತ್ತು. ಸೂರ್ಯನಿಂದ ಬರುವ ಆಕ್ಸಿಜನ್ ಅಯಾನುಗಳು, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುಗಳು, ದಾರಿಯಲ್ಲಿ ಸಿಗುವ ಹೈಡ್ರೋಜನ್, ಹೀಲಿಯಂ ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತವೆ. ಆ ಎಲೆಕ್ಟ್ರಾನ್ ಕೆಳಗಿಳಿಯುವಾಗ ಎಕ್ಸ್-ರೇ ಹೊರಡುತ್ತದೆ. 1996ರಲ್ಲಿ ಹ್ಯಾಕುಟಾಕೆ ಧೂಮಕೇತು ಎಕ್ಸ್-ರೇಯಲ್ಲಿ ಹೊಳೆದದ್ದು ಇದೇ ಕಾರಣಕ್ಕೆ. ಮಂಜುಗಡ್ಡೆಯ ಮುದ್ದೆಯೊಂದು ಎಕ್ಸ್-ರೇ ಬೀರುವುದಾ ಅಂತ ಆಗ ಎಲ್ಲರಿಗೂ ಆಶ್ಚರ್ಯವಾಗಿತ್ತು. ಭೂಮಿಯ ಸುತ್ತಲಿನ ತೆಳು ಹೈಡ್ರೋಜನ್ ಹೊದಿಕೆಯಲ್ಲೂ ಅದೇ ನಡೆಯುತ್ತದೆ. ದೀಪ ಹಚ್ಚಿದ ಕೋಣೆಯೊಳಗೆ ನಿಂತು ಕಿಟಕಿಯಾಚೆಯ ಮಿಣುಕು ಬೆಳಕು ಅಳೆದಂತೆ ನಮ್ಮ ಕೆಲಸ.

ಅಂದಿನಿಂದ ಒಂದೇ ಜಾಗದ ಹಲವು ವೀಕ್ಷಣೆಗಳಿದ್ದರೆ ಅತಿ ಕಡಿಮೆ ಆಕ್ಸಿಜನ್ ಇರುವುದನ್ನೇ ಆರಿಸುತ್ತೇನೆ. ಅದೂ ಪೂರ್ತಿ ಶುದ್ಧವಲ್ಲ. ಸೌರವ್ಯೂಹದ ತುಂಬ ಈ ಹೊಳಪು ಹರಡಿರುತ್ತದೆ, ಅದು ನಿಧಾನಕ್ಕೆ ಬದಲಾಗುತ್ತದೆ. ಅದರಾಚೆ, ಸೂರ್ಯನ ಸುತ್ತ ನೂರಾರು ಜ್ಯೋತಿರ್ವರ್ಷ ಅಗಲದ ಒಂದು ಬಿಸಿ ಅನಿಲದ ಗುಳ್ಳೆಯಿದೆ. ಅದರ ತಾಪ ಸುಮಾರು 10 ಲಕ್ಷ ಡಿಗ್ರಿ. ಗುಳ್ಳೆಯ ಪಾಲು ಬೇರ್ಪಡಿಸಲು ಮೋಡದ ನೆರಳು ನೆರವಾಗುತ್ತದೆ. ತಣ್ಣನೆಯ ಅನಿಲದ ಮೋಡ ಅದರ ಹಿಂದಿನ ಎಕ್ಸ್-ರೇಯನ್ನು ತಡೆಯುತ್ತದೆ. ಮೋಡದ ಮೇಲೆ ಕಂಡದ್ದು ಅದರ ಮುಂದಿನದ್ದು, ಪಕ್ಕದಲ್ಲಿ ಜಾಸ್ತಿ ಕಂಡಷ್ಟು ಹಿಂದಿನದ್ದು. 1990ರಲ್ಲಿ ಹಾರಿದ ರೋಸಾಟ್ ಉಪಗ್ರಹ ಡ್ರೇಕೋ ಮೋಡದಲ್ಲಿ ಇಂಥ ನೆರಳು ತೋರಿಸಿತು. 2012ರಲ್ಲಿ ಡಿಎಕ್ಸ್‌ಎಲ್ ಅನ್ನುವ ರಾಕೆಟ್ ಪ್ರಯೋಗ ನಡೆಯಿತು. ಕ್ಷೀರಪಥದ ಸಮತಲದಲ್ಲಿ 0.25 ಕೆಇವಿ ಸುತ್ತಲಿನ ಹೊಳಪಿನಲ್ಲಿ ಸುಮಾರು ಶೇ. 40 ಸೌರಮಾರುತದ್ದು, ಉಳಿದದ್ದು ಗುಳ್ಳೆಯದ್ದು ಅಂತ ಅದು ಲೆಕ್ಕ ಕೊಟ್ಟಿತು.

ಶಕ್ತಿಯಲ್ಲಿ ಇನ್ನೂ ಕೆಳಗಿಳಿದು ನೇರಳಾತೀತಕ್ಕೆ ಬಂದರೆ ಕತ್ತಲೆ. 912 ಆಂಗ್‌ಸ್ಟ್ರಾಮ್‌ಗಿಂತ (ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು ಒಂದು ಆಂಗ್‌ಸ್ಟ್ರಾಮ್) ಚಿಕ್ಕ ತರಂಗಾಂತರದ ನೇರಳಾತೀತವನ್ನು ಕ್ಷೀರಪಥದ ಹೈಡ್ರೋಜನ್ನೇ ನುಂಗಿಬಿಡುತ್ತದೆ. ಗ್ಯಾಲಕ್ಸಿಗಳ ನಡುವಿನ ಅನಿಲವನ್ನು ಅಯಾನೀಕರಿಸಿ ಇಟ್ಟಿರುವುದು ಇದೇ ಬೆಳಕು. ಅದನ್ನು ನೇರವಾಗಿ ನೋಡುವ ಹಾಗಿಲ್ಲ. ದೂರದ ಕ್ವೇಸಾರ್‌ಗಳ (ಅತಿ ಪ್ರಖರ ಗ್ಯಾಲಕ್ಸಿ ಕೇಂದ್ರಗಳ) ರೋಹಿತದಲ್ಲಿ ತಟಸ್ಥ ಹೈಡ್ರೋಜನ್ ಎಷ್ಟು ಉಳಿದಿದೆ ಅಂತ ಎಣಿಸಿ ಹಿಂದಿನಿಂದ ಲೆಕ್ಕ ಹಾಕಬೇಕು. ವಿಶ್ವ ಹಿಗ್ಗುವುದರಿಂದ ಒಂದು ಕಿಂಡಿಯೂ ಇದೆ: ತುಂಬ ದೂರದ ಗ್ಯಾಲಕ್ಸಿಯ ಈ ಬೆಳಕು ನಮ್ಮನ್ನು ತಲುಪುವಾಗ ಉದ್ದವಾಗಿರುತ್ತದೆ. 2020ರಲ್ಲಿ ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದ ದತ್ತಾಂಶದಲ್ಲಿ ಸುಮಾರು 930 ಕೋಟಿ ಜ್ಯೋತಿರ್ವರ್ಷ ದೂರದ ಒಂದು ಗ್ಯಾಲಕ್ಸಿಯಿಂದ ಅಂಥ ಬೆಳಕು ಸೋರುವುದು ಕಂಡದ್ದು ಹಾಗೆ.

912ಕ್ಕಿಂತ ಉದ್ದದ ತರಂಗಾಂತರಗಳಲ್ಲಿ ಮತ್ತೆ ನೇರವಾಗಿ ಅಳೆಯಬಹುದು. ಇಲ್ಲಿ ನಾನು ಬಳಸುವುದು ನೇರಳಾತೀತದಲ್ಲಿ ಆಕಾಶ ನೋಡಿದ ಗ್ಯಾಲೆಕ್ಸ್ ಉಪಗ್ರಹದ 1350ರಿಂದ 1750 ಆಂಗ್‌ಸ್ಟ್ರಾಮ್ ಪಟ್ಟಿ. ಇಲ್ಲಿ ಕಾಟ ಕೊಡುವುದು ಭೂಮಿಯ ವಾತಾವರಣದ ಹೊಳಪು. ರಾತ್ರಿಯ ಆಚೀಚೆ ಅದು ಏರುತ್ತದೆ, ಸ್ಥಳೀಯ ನಡುರಾತ್ರಿಯ ಹತ್ತಿರ ಕನಿಷ್ಠವಾಗುತ್ತದೆ. ಎಣಿಕೆಯನ್ನು ಗಡಿಯಾರದ ಎದುರು ಚಿತ್ರಿಸಿ ಆ ಬಟ್ಟಲಿನಾಕಾರದ ಭಾಗವನ್ನು ತೆಗೆಯುತ್ತೇನೆ. ಆಮೇಲೆ ಧೂಳು. ನಕ್ಷತ್ರಗಳ ಬೆಳಕು ಧೂಳಿಗೆ ಬಡಿದು ಚದುರಿ ಆಕಾಶವನ್ನೇ ಬೆಳಗುತ್ತದೆ. ಧೂಳು ಎಲ್ಲಿ ಎಷ್ಟಿದೆ ಅನ್ನುವುದಕ್ಕೆ 100 ಮೈಕ್ರಾನ್ ಅವಕೆಂಪು ನಕ್ಷೆ ಇದೆ. ಅಡ್ಡಗೆರೆಯಲ್ಲಿ ಅವಕೆಂಪು, ನಿಲುಗೆರೆಯಲ್ಲಿ ನೇರಳಾತೀತ ಇಟ್ಟು ಚುಕ್ಕೆ ಹಾಕಿದರೆ, ಧೂಳು ಕಡಿಮೆ ಇರುವ ಕಡೆ ಹೆಚ್ಚೂಕಡಿಮೆ ನೇರ ಗೆರೆ ಬರುತ್ತದೆ. ಗೆರೆಯನ್ನು ಧೂಳು ಸೊನ್ನೆಯಾಗುವ ತನಕ ಎಳೆದರೂ ಬೆಳಕು ಸೊನ್ನೆಯಾಗುವುದಿಲ್ಲ. ಕಂಡ, ಕಾಣದ ಗ್ಯಾಲಕ್ಸಿಗಳ ಪಾಲು ಕಳೆದರೂ ಒಂದಿಷ್ಟು ಉಳಿದೇ ಉಳಿಯುತ್ತದೆ.

ವಾತಾವರಣದ ಹೊಳಪನ್ನು ಸರಿಯಾಗಿ ಕಳೆದಿಲ್ಲ ಅಂತ ಆಕ್ಷೇಪಣೆ ಬರುವುದು ಸಹಜ. ಅದಕ್ಕೆ ಉತ್ತರ ಸಿಗುವುದು ಪ್ಲೂಟೋ ದಾಟಿ ಹೋದ ನ್ಯೂ ಹೊರೈಜನ್ಸ್ ನೌಕೆಯ ಆಲಿಸ್ ಅನ್ನುವ ನೇರಳಾತೀತ ಉಪಕರಣದಲ್ಲಿ. ಅಷ್ಟು ದೂರದಲ್ಲಿ ಭೂಮಿಯ ವಾತಾವರಣ ಅಡ್ಡಬರುವ ಮಾತೇ ಇಲ್ಲ. ಅಲ್ಲೂ ವಿವರಣೆ ಸಿಗದ ಬೆಳಕು ಉಳಿಯಿತು. ಹಾಗಾಗಿ ಈಗ ಆಲಿಸ್ ನೋಡಿದ ದಿಕ್ಕುಗಳಲ್ಲೇ ಗ್ಯಾಲೆಕ್ಸ್ ಚಿತ್ರಗಳನ್ನು ಹುಡುಕಿ ಎರಡರ ಉಳಿಕೆಯನ್ನೂ ಪಕ್ಕಪಕ್ಕ ಇಡುತ್ತಿದ್ದೇನೆ. ಎರಡೂ ಹೊಂದಿದ ಕಡೆ ಮಾತ್ರ ಆ ಸಂಖ್ಯೆಯನ್ನು ಪಟ್ಟಿಗೆ ಸೇರಿಸುತ್ತೇನೆ.