ಪ್ರೋಗ್ರಾಮಿನಲ್ಲಿ ಸಮಯವನ್ನು ಸೂಕ್ಷ್ಮವಾಗಿ ಅಳೆಯುವುದು ಹೇಗೆ?

ಆಗುಂಬೆ ಕಡೆಯ ತೋಟದಲ್ಲಿ ಮಳೆ ಮಾಪಕ ಇಟ್ಟು, ಅದನ್ನು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಜೋಡಿಸಿದ್ದೀರಿ ಎಂದುಕೊಳ್ಳಿ. ಒಳಗಿನ ಪುಟ್ಟ ಬಕೆಟ್ ತುಂಬಿ ಮಗುಚಿದಾಗಲೆಲ್ಲ ಒಂದು ಸ್ವಿಚ್ ಮುಚ್ಚಿ ತೆರೆಯುತ್ತದೆ. ಮುಚ್ಚುವಾಗ ಅದರ ಲೋಹದ ಪಟ್ಟಿಗಳು ಸ್ವಲ್ಪ ಹೊತ್ತು ಅದುರುತ್ತವೆ. ಆಗ ಒಂದು ಮಗುಚಿಗೆ ಮೂರು ನಾಲ್ಕು ಎಣಿಕೆ ಬೀಳುತ್ತದೆ. ಆಗುಂಬೆಯಲ್ಲಿ ಸುರಿಯುವ ಮಳೆಯೇ ಸಾಕಲ್ವಾ, ಇಲ್ಲದ್ದನ್ನೂ ಯಾಕೆ ಸೇರಿಸಬೇಕು? ಈ ಅದುರು ಎಷ್ಟು ಹೊತ್ತಿನದು ಎಂದು ಅಳೆದರೆ ಸುಳ್ಳು ಎಣಿಕೆಗಳನ್ನು ಕೈಬಿಡಬಹುದು.

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎಲ್ಲರೂ ಮೊದಲು ಬಳಸುವುದು ‘ಟೈಮ್.ಟೈಮ್’. 1970ರ ಜನವರಿ 1ರಿಂದ ಎಷ್ಟು ಸೆಕೆಂಡ್ ಕಳೆಯಿತು ಎಂದು ಅದು ಹೇಳುತ್ತದೆ. ತಾರೀಖು ಬರೆದಿಡಲು ಸರಿ, ಅಂತರ ಅಳೆಯಲು ಬೇಡ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ನೆಟ್ ಕೂಡ. ಪೈ 4 ಮತ್ತು ಅದಕ್ಕಿಂತ ಹಳೆಯ ಬೋರ್ಡ್‌ಗಳಲ್ಲಿ ಬ್ಯಾಟರಿಯ ಗಡಿಯಾರವೇ ಇಲ್ಲ. ಕರೆಂಟ್ ಬಂದ ಮೇಲೆ ಅವು ಹಳೆಯ ಸಮಯದಿಂದಲೇ ಶುರುಮಾಡಿ, ನೆಟ್ ಸಿಕ್ಕಿದೊಡನೆ ಮುಂದಕ್ಕೆ ಜಿಗಿಯುತ್ತವೆ. ಆ ಹೊತ್ತಲ್ಲಿ ಅಳೆದ ಅಂತರ ಬರೀ ಸುಳ್ಳು.

ಅಂತರಕ್ಕೆ ‘ಪರ್ಫ್ ಕೌಂಟರ್ ಎನ್‌ಎಸ್’ ಬಳಸಿ. ಪೈಥಾನ್ 3.7ರಿಂದ ಇದೆ. ಸಮಯವನ್ನು ನ್ಯಾನೊಸೆಕೆಂಡ್‌ಗಳಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದ ಲೆಕ್ಕದಲ್ಲಿ, ಪೂರ್ಣಾಂಕವಾಗಿ ಕೊಡುತ್ತದೆ, ಹಿಂದಕ್ಕೆ ಹೋಗುವುದಿಲ್ಲ. ಶುರುವಿನಲ್ಲೊಮ್ಮೆ, ಕೊನೆಯಲ್ಲೊಮ್ಮೆ ಕರೆದು, ಕೊನೆಯ ಅಂಕಿಯಿಂದ ಮೊದಲಿನದನ್ನು ಕಳೆಯಿರಿ. ರೀಬೂಟ್ ಆದ ಮೇಲೆ ಹಳೆಯ ಅಂಕಿಯ ಜತೆ ಮಾತ್ರ ಹೋಲಿಸಬೇಡಿ. ಪ್ರತಿ ದಾಖಲೆಯಲ್ಲೂ ತಾರೀಖಿಗೊಂದು, ಅಂತರಕ್ಕೊಂದು ಎಂದು ಎರಡು ಗಡಿಯಾರದ ಅಂಕಿಯನ್ನೂ ಬರೆದಿಡುವುದು ಒಳ್ಳೆಯದು.

ಶಿವಮೊಗ್ಗದ ಮನೆಯಲ್ಲಿ ಕೂತು ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಕೋಡ್ ಪರೀಕ್ಷಿಸುವವರು ಗಮನಿಸಿ. ಪೈಥಾನ್ 3.12ರವರೆಗೆ ಅಲ್ಲಿ ‘ಟೈಮ್.ಟೈಮ್’ ಸಾಮಾನ್ಯವಾಗಿ 15.6 ಮಿಲಿಸೆಕೆಂಡ್‌ಗೊಮ್ಮೆ ಬದಲಾಗುತ್ತದೆ. ಕೆಲವೇ ಮಿಲಿಸೆಕೆಂಡ್‌ಗಳ ಅದುರು ಅದರ ಕಣ್ಣಿಗೇ ಬೀಳುವುದಿಲ್ಲ.

ಹಾಗೆಂದು ಒಂಬತ್ತು ಅಂಕಿ ಕಂಡ ಮಾತ್ರಕ್ಕೆ ಎಲ್ಲವನ್ನೂ ನಂಬಬೇಡಿ. ಒಂದು ಲೂಪ್‌ನಲ್ಲಿ ಕೌಂಟರನ್ನು ಬೆನ್ನುಬೆನ್ನಿಗೆ ಕರೆದು, ಸೊನ್ನೆಯಲ್ಲದ ಅತಿ ಚಿಕ್ಕ ವ್ಯತ್ಯಾಸ ಎಷ್ಟೆಂದು ನೋಡಿ. ಅದಕ್ಕಿಂತ ಚಿಕ್ಕದನ್ನು ಅಳೆಯಲು ಹೋಗುವುದು ಸುಮ್ನೆ.

ಇನ್ನೂ ಒಂದಿದೆ. ಸ್ವಿಚ್ ಮುಚ್ಚಿದ ಕೂಡಲೇ ಪೈಯನ್ನು ನಡೆಸುವ ಲಿನಕ್ಸ್ ನಿಮ್ಮ ಪ್ರೋಗ್ರಾಮನ್ನು ಎಬ್ಬಿಸುತ್ತದೆ ಎಂಬ ಖಾತ್ರಿ ಇಲ್ಲ. ಬೇರೆ ಕೆಲಸ ಇದ್ದರೆ ತಡವಾಗುತ್ತದೆ, ಆ ತಡವೂ ನಿಮ್ಮ ಅಂಕಿಗೆ ಸೇರುತ್ತದೆ. ಜಿಪಿಐಒಡಿ ಲೈಬ್ರರಿ ಬಳಸಿದರೆ ಸ್ವಿಚ್ ಬದಲಾದಾಗ ಲಿನಕ್ಸ್‌ನ ತಿರುಳಾದ ಕರ್ನಲ್ಲೇ ಸಮಯ ಗುರುತು ಹಾಕಿ ಕೊಡುತ್ತದೆ. ಅದನ್ನೇ ಹಿಡಿಯಿರಿ.

ಅದುರು ಎಷ್ಟು ಹೊತ್ತಿನದೆಂದು ಸಿಕ್ಕಿತಾ? ಅದಕ್ಕಿಂತ ಧಾರಾಳ ಮಿತಿ ಇಟ್ಟು, ಅದರೊಳಗೆ ಬಂದ ಎಣಿಕೆಗಳನ್ನು ಬಿಟ್ಟುಬಿಡಿ. ನಿಜವಾದ ಎಣಿಕೆ ತಪ್ಪುವ ಭಯ ಬೇಡ. ಗಂಟೆಗೆ 100 ಮಿಲಿಮೀಟರ್ ಸುರಿದರೂ 0.2 ಮಿಲಿಮೀಟರ್ ಮಳೆಗೊಮ್ಮೆ ಮಗುಚುವ ಬಕೆಟ್ ಮತ್ತೆ ಮಗುಚಲು 7 ಸೆಕೆಂಡ್ ಬೇಕು.